ಲೈಫ್ ಜಾಕೆಟ್ ತೊಟ್ಟ ಜೋಳದ ಚೀಲ

ನೀರಾಟದ ಸಾಮಾನು ಮಾರುವ ನನ್ನ ಮಾವನವರಿಗೆ ತುಂಬಿದ ಬಕೆಟ್ ಕಂಡರೂ ಎದೆ ಝಲ್ಲೆನ್ನುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಸ್ನಾನಕ್ಕೆ ಅರ್ಧ ಬಕೆಟ್ ಮಾತ್ರ. ಅದಕ್ಕಿಂತ ಹೆಚ್ಚಾದರೆ ಬಚ್ಚಲ ಬಾಗಿಲಲ್ಲೇ ನಿಂತು, "ಯಾರರೇ ಬಂದು ಇದನ್ನ ಚೆಲ್ರಿ" ಎನ್ನುತ್ತಿದ್ದರು. ಇಂಥವರು ಪುಣೆಯ ಧನಕವಡಿಯಲ್ಲಿ ಲೈಫ್ ಜಾಕೆಟ್, ಹುಟ್ಟು, ಗಾಳಿ ತುಂಬುವ ದೋಣಿ ಮಾರುವ ಅಂಗಡಿ ಇಟ್ಟಿದ್ದರು! ಮೊದಲು ಮನೆತನದ್ದು ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ವ್ಯಾಪಾರ. ತೊಂಬತ್ತರ ದಶಕದಲ್ಲಿ ಒಂದು ದಿನ ಅದನ್ನು ಮುಚ್ಚಿ ಇದನ್ನು ತೆರೆದರಂತೆ. ವಿಜಯಪುರದ ನೆಂಟರೆಲ್ಲ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಅಂಗಡಿಗೆ ಕರೆದೊಯ್ದರು. ಒಳಗೆ ಅರೆಗತ್ತಲು, ರಬ್ಬರಿನ ವಾಸನೆ. ಮೂಲೆಯ ಕುರ್ಚಿಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಯಾರೋ ಅಲುಗಾಡದೆ ಕೂತಿದ್ದರು. ಹೊಸ ಸೊಸೆಯಲ್ಲವೇ, ಯಾರೋ ಹಿರಿಯರೆಂದು ಸೆರಗು ಹೊದ್ದು ಬಗ್ಗಿ ಕಾಲು ಮುಟ್ಟಲು ಹೋದೆ. ಕಾಲೇ ಇರಲಿಲ್ಲ. ಕೈಗೆ ತಗುಲಿದ್ದು ತಣ್ಣನೆಯ ಒದ್ದೆ ಗೋಣಿ!

ಜೋಳದ ಚೀಲಕ್ಕೆ ನಮಸ್ಕರಿಸಿದ ಮೊದಲ ಸೊಸೆ ನಾನೇ ಇರಬೇಕು. ಗಾಬರಿ ಇಳಿದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. "ಇರ್ಲಿ ಬಿಡವಾ, ಮಾಡಿದ್ದು ಛಲೋ ಆತು" ಎಂದು ಕುರ್ಚಿಯ ಕೆಳಗೆ ನಿಂತಿದ್ದ ನೀರನ್ನು ಅರಿವೆಯಿಂದ ಒರೆಸಿದರು.

ಅಂಗಡಿಯ ಪದ್ಧತಿಯೇ ಹಾಗಿತ್ತು. ಹೊಸದಾಗಿ ಬಂದ ಪ್ರತಿ ಜಾಕೆಟನ್ನೂ ಮೊದಲು ಈ ಚೀಲಕ್ಕೆ ತೊಡಿಸಬೇಕು. ರಾಟೆಗೆ ಕಟ್ಟಿ ಹಿತ್ತಲ ತೊಟ್ಟಿಗೆ ಇಳಿಸಬೇಕು. ಮಾವನವರು ಮಾರು ದೂರದಲ್ಲಿ ನಿಂತು ಹಗ್ಗ ಬಿಡುವರು. ತೇಲಿದರೆ ಮಾಲು ಮಾರಾಟಕ್ಕೆ, ಮುಳುಗಿದರೆ ವಾಪಸ್. ಜೋಳ ಮೊಳೆತರೆ ಹೊಸ ಜೋಳ ತುಂಬಿ, ಮಾರ್ಕೆಟ್ ಯಾರ್ಡಿನಿಂದ ತಂದ ಹಳೆಯ ತಕ್ಕಡಿಯಲ್ಲಿ ತೂಗುವರು. ಒಂದು ಹಿಡಿ ಕಡಿಮೆಯಾದರೂ, "ಸೊರಗ್ಯಾನ ನೋಡು" ಎಂದು ಮತ್ತೊಂದು ಹಿಡಿ ಹಾಕುವರು. ಇವರು ಯಾರೆಂದು ಗಿರಾಕಿಗಳು ಮರಾಠಿಯಲ್ಲಿ "ಕಾಕಾ, ಹೇ ಕೋಣ?" ಎಂದು ಕೇಳಿದರೆ, "ಮಾಝಾ ಧಾಕಟಾ ಭಾಊ" ಎನ್ನುವರು. ನನ್ನ ತಮ್ಮ ಎಂದು! ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ಚೀಲವನ್ನು ತೊಟ್ಟಿಗೆ ಇಳಿಸದ ದಿನಗಳಲ್ಲೂ ಬೆಳಗಾದರೆ ಕುರ್ಚಿಯ ಕೆಳಗೆ ನೀರು ಇರುತ್ತಿತ್ತಲ್ಲ, ಅದಕ್ಕೇನು ಹೇಳೋಣ? ಗೋಡೆ ಜಿನುಗುತ್ತಿದೆ ಎಂದುಕೊಂಡೆ. ಬಿರುಬೇಸಿಗೆಯಲ್ಲಿ ಯಾವ ಗೋಡೆ ಜಿನುಗುತ್ತದೆ? ಒಂದು ಸಂಜೆ ಹೆದರಿ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಟ್ಟು ಬಂದೆ. ಬೆಳಗ್ಗೆ ಬೀಗ ತೆಗೆದು ನೋಡಿದರೆ ಅದು ಬಾಗಿಲ ಕಡೆಗೇ ತಿರುಗಿತ್ತು. ಅತ್ತೆ ಎಂದಿನಂತೆ ನೆಲ ಒರೆಸಿದರು.

ಕೆಲವು ವರ್ಷಗಳ ಮೇಲೆ ನಮ್ಮ ಯಜಮಾನರು ಅಂಗಡಿಗೆ ವೇಕ್‌ಬೋರ್ಡ್ ತರಿಸಿದರು. ಕಾಲಿಗೆ ಹಲಗೆ ಕಟ್ಟಿಕೊಂಡು, ಮೋಟಾರ್ ಬೋಟಿನ ಹಿಂದೆ ಹಗ್ಗ ಹಿಡಿದು, ಅದು ಎಬ್ಬಿಸುವ ಅಲೆಯ ಮೇಲೆ ಜಾರುವ ಆಟ. ತಾವೇ ಕಲಿತು ಗಿರಾಕಿಗಳಿಗೂ ಕಲಿಸಬೇಕೆಂಬ ಆಸೆ ಅವರಿಗೆ.

"ಕಾಲ ಕಟ್ಟಿಕೊಂಡು ನೀರಿಗೆ ಇಳೀತಿಯೇನು?" ಎಂದರು ಮಾವನವರು.

"ಜಾಕೆಟ್ ಇರ್ತದಲ್ಲಪ್ಪಾ."

ಮಾವನವರು ಕುರ್ಚಿಯ ಕಡೆ ನೋಡಿದರು. "ಹಂಗಾರ ಮೊದಲ ಇಂವ ಹೋಗ್ಲಿ. ಇಂವ ಹೊಳ್ಳಿ ಬಂದ್ರ ನೀ ಹೋಗು."

ಒಂದು ಭಾನುವಾರ ಬೆಳಗ್ಗೆ ಟೆಂಪೋದಲ್ಲಿ ಚೀಲವನ್ನು ನಡುವೆ ಕೂರಿಸಿಕೊಂಡು ಊರಾಚೆಯ ಕೆರೆಗೆ ಹೋದೆವು. ಜಾಕೆಟ್ ತೊಟ್ಟ ಚೀಲವನ್ನು ಹಲಗೆಗೆ ಬಿಗಿಯುವಾಗ ಬೋಟಿನವನ ಮುಖ ನೋಡಬೇಕಿತ್ತು! ಬೋಟು ಹೊರಟಿತು. ಚೀಲ ಠೀವಿಯಿಂದ ಜಾರಿತು. ನಾನು ನಗುತ್ತಿದ್ದೆ. ಅಷ್ಟರಲ್ಲಿ ಹಲಗೆ ಮಗುಚಿ ಹಗ್ಗ ಕಿತ್ತು, ಚೀಲ ಕಾಣದಾಯಿತು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಇವರ ತಮ್ಮ ಹೋದದ್ದೂ ಇದ ನೀರಾಗ, ನೋಡು. ಈಸಾಕಂತ ಬಂದಾಂವ ಕಡೀಗೂ ಸಿಗಲಿಲ್ಲ. ಹಿಂದಿನ ದಿನ ಆಯುಧ ಪೂಜಿ. ತಕ್ಕಡಿ ಪೂಜಿ ಆದಮ್ಯಾಲ ಮನಿ ಮಂದಿಯೆಲ್ಲಾ ಅದರಾಗ ಕುಂತು ತೂಗಿಸಿಕೊಳ್ಳೂದು ನಮ್ಮಲ್ಲೆ ರೂಢಿ. ಅವತ್ತ ಅಂವ ಎಷ್ಟು ತೂಗಿದ್ನೋ, ಈ ಚೀಲಾನೂ ಅಷ್ಟ."

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಮಾವನವರು ಪ್ರತಿ ಜಾಕೆಟ್ಟಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ನೀನಿದ್ದಿದ್ದರೆ ಅವನು ಉಳಿಯುತ್ತಿದ್ದನೇ?

ಅಷ್ಟರಲ್ಲಿ ಕಿತ್ತಳೆ ಬಣ್ಣ ಮೇಲೆದ್ದಿತು. ಗಾಳಿ ಆಚೆ ದಡಕ್ಕೆ ಬೀಸುತ್ತಿತ್ತು. ಚೀಲ ಮಾತ್ರ ಮೆಲ್ಲಗೆ ನಮ್ಮ ಕಡೆಗೇ ಬರತೊಡಗಿತು. ತುಂಬಿದ ಬಕೆಟ್ಟಿಗೂ ಹೆದರುವ ಮಾವನವರು ಚಪ್ಪಲಿ ಕಳಚಿ ಎದೆಮಟ್ಟದ ನೀರಿಗೆ ನಡೆದು ಹೋಗಿ ಅದನ್ನು ತಬ್ಬಿಕೊಂಡರು.

"ಸಾಕು ಬಾರೋ" ಎಂದರು. "ಮನೀಗೆ ಹೋಗೂಣು."

ಟೆಂಪೋದಲ್ಲಿ ದಾರಿಯುದ್ದಕ್ಕೂ ತಮ್ಮ ಟವೆಲಿನಿಂದ ಅದನ್ನು ಒರೆಸುತ್ತಲೇ ಇದ್ದರು.

ಮರುದಿನ ಅಂಗಡಿಯ ಬಾಗಿಲು ತೆಗೆದಾಗ ಅತ್ತೆ ಅರಿವೆ ಹಿಡಿದು ಕುರ್ಚಿಯ ಮುಂದೆ ಹಾಗೇ ನಿಂತುಬಿಟ್ಟರು. ನೆಲ ಒಣಗಿತ್ತು.

"ಬಂದು ಮುಟ್ಟಿದ" ಎಂದರು ಮಾವನವರು. ಆಮೇಲೆ ಮಗನ ಕೈಗೆ ಹಲಗೆ ಕೊಟ್ಟು, "ನೀ ಹೋಗಿ ಬಾ. ಜಾಕೆಟ್ ಗಟ್ಟಿ ಕಟ್ಕೋ" ಎಂದರು.

ನಾನು ಸೆರಗು ಹೊದ್ದು, ಕಾಲಿಲ್ಲದ ನನ್ನ ಚಿಕ್ಕಮಾವನಿಗೆ ಮತ್ತೊಮ್ಮೆ ಬಗ್ಗಿ ನಮಸ್ಕಾರ ಮಾಡಿದೆ.