ಉತ್ತರವಿಲ್ಲದ ಶುಭೋದಯ

ಬೆಳಿಗ್ಗೆ ಒಂಬತ್ತಕ್ಕೆ ಬಂದ ಒಂದೂವರೆ ನಿಮಿಷದ ಫೋನು ಗ್ರಂಥಾಲಯದ ಗುಮಾಸ್ತರ ಅರ್ಧ ಗಡ್ಡವನ್ನು ಮುಖದ ಮೇಲೆಯೇ ಉಳಿಸಿಬಿಟ್ಟಿತು.

"ಸಾರ್, ಹದಿನೈದು ಸಹಿ ಎಲ್ಲಿ?" ಎಂದರು ಆ ಕಡೆಯಿಂದ ಗೈಡ್ ಮೇಡಂ.

"ಯಾವ ಸಹಿ ಮೇಡಂ? ನಮ್ಮ ಕಟ್ಟಡದ ಕಾರ್ಯದರ್ಶಿಗಳ ಒಪ್ಪಿಗೆ ಪತ್ರ ಕೊಟ್ಟಿದ್ದೀನಲ್ಲ?"

"ಅವರೊಬ್ಬರದ್ದು ಸಾಲಲ್ಲ ಸಾರ್. ಗ್ರೂಪಿನ ಮಾತುಕತೆ ಓದಿ ಪ್ರಬಂಧ ಬರೀಬೇಕಾದ್ರೆ ಅದರಲ್ಲಿರೋ ಪ್ರತಿಯೊಬ್ಬರೂ ಒಪ್ಪಬೇಕು. ಒಬ್ಬರು ಒಲ್ಲೆ ಅಂದ್ರೂ ಅಷ್ಟೆ. ಇವತ್ತು ಐದು ಗಂಟೆಗೆ ಸಮಿತಿಯವರು ಫೈಲ್ ಮುಚ್ತಾರೆ. ಆಮೇಲೆ ಮುಂದಿನ ವರ್ಷ, ಹೊಸ ವಿಷಯ."

ಗುಮಾಸ್ತರಿಗೆ ಈಗ ನಲವತ್ತೊಂಬತ್ತು. ಡಿಜಿಟಲ್ ತಂತ್ರಜ್ಞಾನ ಸಮಾಜವನ್ನು ಹೇಗೆ ರೂಪಿಸುತ್ತದೆ ಎಂಬ ವಿಷಯದಲ್ಲಿ ಎಂ.ಎ. ಮಾಡುತ್ತಿದ್ದಾರೆ, ಸಂಜೆ ತರಗತಿ. ಸಹಪಾಠಿಗಳೆಲ್ಲ ಅವರನ್ನು ಅಂಕಲ್ ಎನ್ನುತ್ತಾರೆ, ಗೈಡ್ ಮೇಡಂಗೆ ಇನ್ನೂ ಮೂವತ್ತು ದಾಟಿಲ್ಲ. ಇಪ್ಪತ್ತರಲ್ಲಿ ಅಪ್ಪ ತೀರಿಕೊಂಡಾಗ ಓದು ಬಿಟ್ಟು ಗ್ರಂಥಾಲಯ ಸೇರಿದವರು ಇವರು. ತಮ್ಮಂದಿರನ್ನು ದಡ ಮುಟ್ಟಿಸಿದರು. ಇಪ್ಪತ್ತೊಂಬತ್ತು ವರ್ಷ ಊರವರ ಪ್ರಬಂಧಗಳ ಧೂಳು ಒರೆಸಿ ಕಪಾಟಿಗೇರಿಸಿದರು. ಆ ಕಪಾಟಿನಲ್ಲಿ ತನ್ನದೂ ಒಂದು ಇರಬೇಕು, ಬೆನ್ನಿನ ಮೇಲೆ ತನ್ನ ಹೆಸರಿರಬೇಕು. ಅವರಿಗಿದ್ದ ಆಸೆ ಇದೊಂದೇ. ದೊಡ್ಡದೇನಲ್ಲ, ಆದರೆ ಇಪ್ಪತ್ತೊಂಬತ್ತು ವರ್ಷದ್ದು.

ಪ್ರಬಂಧದ ವಿಷಯ ಅವರು ವಾಸವಿದ್ದ ಕಟ್ಟಡದವರ ಮೊಬೈಲ್ ಗ್ರೂಪು. ನೆಲಮಹಡಿಯ ಮೇಲೆ ನಾಲ್ಕು ಮಹಡಿ, ಒಟ್ಟು ಹದಿನಾರು ಮನೆ, ಮನೆಗೊಂದು ಫೋನ್ ನಂಬರು. ಆರು ತಿಂಗಳಿಂದ ಪ್ರತಿ ಭಾನುವಾರ ಅಷ್ಟೂ ಮಾತುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎಣಿಸುತ್ತಿದ್ದರು. ಉಳಿದ ದಿನ ಗ್ರೂಪನ್ನು ತೆರೆದೂ ನೋಡುತ್ತಿರಲಿಲ್ಲ. ನಿಯಮವೂ ಅವರದೇ: ಬರೆದದ್ದು ಮಾತ್ರ ಆಧಾರ, ಬಾಯಿಮಾತು ಅಲ್ಲ.

"ಜನ ಎದುರುಗಡೇನೇ ಇದ್ದಾರೆ. ಬಾಗಿಲು ತಟ್ಟಿ ಕೇಳಿದ್ರೆ ಆಗಲ್ವೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅವಳು ಮನೆಯಲ್ಲೇ ಪರದೆ ಹೊಲಿದು ಕೊಡುವವಳು, ಕಟ್ಟಡದ ಅರ್ಧ ಕಿಟಕಿಗಳಿಗೆ ಅವಳದೇ ಪರದೆ.

"ಕೇಳಿದ್ರೆ ಜನ ಚೆನ್ನಾಗಿ ಕಾಣೋ ಹಾಗೆ ಹೇಳ್ತಾರೆ ಕಣೇ. ಸಂಶೋಧನೆ ಅಂದ್ರೆ ಪರದೆ ಹೊಲಿದ ಹಾಗಲ್ಲ."

"ಆಯ್ತಪ್ಪ," ಎಂದು ಅವಳು ಮತ್ತೆ ಮಿಷನ್ ತುಳಿದಿದ್ದಳು.

ಅರ್ಧ ಗಡ್ಡದಲ್ಲೇ ಅವರು ಫಾರಂ ಕಟ್ಟು ಹಿಡಿದು ಕೆಳಗಿಳಿದರು. ಲಿಫ್ಟು ಎಂದಿನಂತೆ ಕೆಟ್ಟಿತ್ತು. ಕಾರ್ಯದರ್ಶಿಗಳು ಫಾರಂ ಓದಿದರು, ಕನ್ನಡಕ ಬದಲಿಸಿ ಮತ್ತೊಮ್ಮೆ ಓದಿದರು. "ಎಲ್ಲರಿಗೂ ತಿಳಿಸೋದು ನನ್ನ ಕರ್ತವ್ಯ. ನೀವು ಮೆಟ್ಟಿಲು ಹತ್ತೋ ಕಷ್ಟ ನಾನು ತಪ್ಪಿಸ್ತೀನಿ," ಎಂದು ಮಹದುಪಕಾರ ಮಾಡುವವರ ಧಾಟಿಯಲ್ಲಿ ಗ್ರೂಪಿಗೆ ಹೀಗೆ ಹಾಕಿದರು: 'ಎಲ್ಲರ ಗಮನಕ್ಕೆ. ನಾಲ್ಕನೇ ಮಹಡಿಯ ಗುಮಾಸ್ತರು ಆರು ತಿಂಗಳಿಂದ ನಮ್ಮ ಮಾತುಗಳನ್ನು ಬರೆದಿಟ್ಟುಕೊಂಡಿದ್ದಾರೆ. ಈಗ ಸಹಿ ಬೇಕಂತೆ.'

ಮುಗಿಯಿತಲ್ಲ! ಐದು ನಿಮಿಷದಲ್ಲಿ ಮೆಟ್ಟಿಲ ತುಂಬ ಚಪ್ಪಲಿಗಳ ಸದ್ದು.

"ಹೋದ ತಿಂಗಳು ಲಿಫ್ಟಿನ ವಿಷಯಕ್ಕೆ ಎದುರುಮನೆಯವರನ್ನ ನಾನು ಬೈದದ್ದೂ ಇದೆಯಾ ಅದರಲ್ಲಿ?" ಎಂದರು ಮೂರನೇ ಮಹಡಿಯ ಡ್ರೈವಿಂಗ್ ಮೇಷ್ಟ್ರು.

"ಇದೆ ಮೇಷ್ಟ್ರೇ. ಆದ್ರೆ ಹೆಸರು ಹಾಕಲ್ಲ, ಮನೆ ನಂಬರೂ ಹಾಕಲ್ಲ."

"ಹೆಸರು ಹಾಕಲ್ವಾ? ಮತ್ತೆ ಬೈದದ್ದು ನಾನು ಅಂತ ಗೊತ್ತಾಗೋದು ಹೇಗೆ?" ಮೇಷ್ಟ್ರಿಗೆ ನಿಜಕ್ಕೂ ಬೇಜಾರಾಯಿತು.

ಎದುರುಮನೆಯವರದು ಬೇರೆಯೇ ಪಟ್ಟು. ಜಗಳದಲ್ಲಿ ತಪ್ಪು ಮೇಷ್ಟ್ರದೇ ಎಂದು ಪುಸ್ತಕದಲ್ಲಿ ಬಂದರೆ ಮಾತ್ರ ಸಹಿ. ಅವರು ಹಾಗೆಂದದ್ದು ಕೇಳಿ ಮೇಷ್ಟ್ರು ಅಷ್ಟರಲ್ಲಿ ತಾವು ಹಾಕಿದ್ದ ಸಹಿಯನ್ನು ಹೊಡೆದುಹಾಕಿದರು. ಫಾರಮ್ಮಿನಲ್ಲಿ 'ಯಾವ ಕ್ಷಣದಲ್ಲಾದರೂ ಹಿಂದೆ ಸರಿಯುವ ಹಕ್ಕು' ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ಅದನ್ನು ಬೆರಳಿಟ್ಟು ತೋರಿಸಿದರು. ಗುಮಾಸ್ತರು ಇಬ್ಬರ ಮಧ್ಯೆ ಮೆಟ್ಟಿಲ ಮೇಲೆ ಕೂತು, ಇಬ್ಬರೂ ಬರೆದ ಬೈಗುಳವನ್ನು ಜೋರಾಗಿ ಓದಿದರು. ಮೂರನೇ ಸಾಲಿಗೆ ಮೇಷ್ಟ್ರಿಗೆ ನಗು ಬಂತು, ಐದನೇ ಸಾಲಿಗೆ ಎದುರುಮನೆಯವರಿಗೂ. "ಛೆ, ಇಷ್ಟಕ್ಕೆಲ್ಲ ನಾವು ಒಂದು ತಿಂಗಳು ಮಾತು ಬಿಟ್ವಾ!" ಎಂದು ಇಬ್ಬರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು. ಆ ಪೆನ್ನು ಗುಮಾಸ್ತರದು, ಮೇಷ್ಟ್ರು ಅದನ್ನು ಜೇಬಿಗೆ ಹಾಕಿಕೊಂಡು ಹೋದರು.

ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದವರು. "ಆರು ತಿಂಗಳು ನೀವು ನಮ್ಮ ಬಾಯಿ ನೋಡಿದ್ರಿ, ಎರಡು ನಿಮಿಷ ನಾನು ನಿಮ್ಮದು ನೋಡ್ತೀನಿ," ಎಂದು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಒಂದು ಹಲ್ಲು ಹುಳುಕೆಂದು ತೀರ್ಪಾಯಿತು. ಬಾಯಲ್ಲಿ ಹತ್ತಿ ತುರುಕಿ, ಸಹಿ ಹಾಕುತ್ತ ಕೇಳಿದರು: "ಮೂರನೇ ಅಧ್ಯಾಯ ನಮ್ಮ ಎಕ್ಸ್‌ಚೇಂಜ್ ಅಜ್ಜಿ ಬಗ್ಗೆ ಅಂತ ನಿಮ್ಮ ಮನೆಯವರು ಹೇಳಿದ್ರು. ಅವರ ಮೆಸೇಜ್ ವಿಷಯದಲ್ಲಿ ನಿಮಗೊಂದು ಹೇಳ್ಬೇಕು..."

ಗುಮಾಸ್ತರು ಎರಡೂ ಕೈ ಅಡ್ಡ ಆಡಿಸಿದರು. ಹತ್ತಿ ತೆಗೆದ ಮೇಲೆ, "ಬೇಡ ಡಾಕ್ಟರಮ್ಮ, ಬಾಯಿಮಾತು ತಗೊಳ್ಳೋ ಹಾಗಿಲ್ಲ. ನಿಯಮ," ಎಂದರು. ಡಾಕ್ಟರಮ್ಮ ಅವರನ್ನೇ ನೋಡಿ, "ಸರಿ ಹಾಗಾದ್ರೆ," ಎಂದು ಸಹಿ ಹಾಕಿದ ಫಾರಂ ಕೈಗಿಟ್ಟರು.

ಆ ಮೂರನೇ ಅಧ್ಯಾಯವೇ ಗುಮಾಸ್ತರ ಪ್ರಬಂಧದ ಜೀವ. ನೆಲಮಹಡಿಯ ಎಕ್ಸ್‌ಚೇಂಜ್ ಅಜ್ಜಿಗೆ ಎಂಬತ್ತೆರಡು, ಒಬ್ಬರೇ ಇರುವವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರು. ಪ್ರತಿದಿನ ಬೆಳಿಗ್ಗೆ ಸರಿಯಾಗಿ ಏಳಕ್ಕೆ ಗ್ರೂಪಿಗೊಂದು ಹೂವಿನ ಚಿತ್ರ ಹಾಕುತ್ತಿದ್ದರು, ಕೆಳಗೆ 'ಶುಭೋದಯ'. ನೂರ ಎಂಬತ್ತೆರಡು ದಿನ, ನೂರ ಎಂಬತ್ತೆರಡು ಶುಭೋದಯ. ಉತ್ತರ ಒಂದೂ ಇಲ್ಲ. ಅಷ್ಟೇ ಅಲ್ಲ, ಏಳರಿಂದ ಏಳೂವರೆಯವರೆಗೆ ಗ್ರೂಪಿನಲ್ಲಿ ಯಾರೂ ಒಂದಕ್ಷರ ಬರೆಯುತ್ತಿರಲಿಲ್ಲ. ಈ ಕಟ್ಟಡಕ್ಕೆ ಹೃದಯವಿಲ್ಲ, ಯಂತ್ರ ಅದನ್ನು ಒಣಗಿಸಿದೆ ಎಂದು ಗುಮಾಸ್ತರು ಹದಿನೆಂಟು ಪುಟ ಬರೆದಿದ್ದರು. ಬರೆಯುವಾಗ ಎರಡು ಸಲ ಕಣ್ಣೊರೆಸಿಕೊಂಡಿದ್ದರು.

ಮೂರು ಗಂಟೆಗೆ ಹದಿನಾಲ್ಕು ಸಹಿ ಕೈಯಲ್ಲಿತ್ತು. ಅಜ್ಜಿಯ ಬಾಗಿಲು ಕೊನೆಯದು.

"ಸಹಿ ಹಾಕಲ್ಲಪ್ಪ," ಎಂದರು ಅಜ್ಜಿ ನಗುನಗುತ್ತ.

ಒಲ್ಲೆ ಎಂದವರನ್ನು ಕಾರಣ ಕೇಳುವುದು ಸಮಿತಿಯ ನಿಯಮಕ್ಕೆ ವಿರುದ್ಧ. ಕೇಳದೆ ಎದ್ದು ಹೋದರೆ ಕಪಾಟು ಹೋಯಿತು. ಗುಮಾಸ್ತರು ಹೋಗಲೂ ಇಲ್ಲ, ಕೇಳಲೂ ಇಲ್ಲ. ಹುಳುಕು ಹಲ್ಲಿನ ಕೆನ್ನೆಯನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಮುಖ ನೋಡಿ ಅಜ್ಜಿಗೇ ತಡೆಯಲಾಗಲಿಲ್ಲ.

"ಯಾರಿಗೂ ಹೇಳಲ್ಲ ಅನ್ನು, ಹೇಳ್ತೀನಿ."

"ಹೇಳಲ್ಲ ಅಜ್ಜಿ."

"ಎಕ್ಸ್‌ಚೇಂಜಿನಲ್ಲಿ ಬೆಳಿಗ್ಗೆ ಡ್ಯೂಟಿಗೆ ಕೂತ ತಕ್ಷಣ ಮೊದಲ ಕೆಲಸ ಲೈನ್ ಟೆಸ್ಟು. ಒಂದೊಂದು ಊರಿಗೂ ತಂತಿ ಚುಚ್ಚಿ, 'ಇದೀರಾ?' ಅಂತ ಕೇಳೋದು. 'ಇದೀವಿ' ಅಂದ್ರೆ ಮುಂದಿನ ಊರು. ಸದ್ದೇ ಇಲ್ಲದಿದ್ರೆ ಆ ದಾರೀಲಿ ಲೈನ್‌ಮನ್ ಕಳಿಸೋದು. ಮೂವತ್ತೆಂಟು ವರ್ಷ ಮಾಡಿದ್ದು, ಬಿಡೋಕಾಗುತ್ತಾ? ಈಗ ಹೂವು ಕಳಿಸ್ತೀನಿ. ಆಮೇಲೆ ಆ ಹೂವನ್ನ ಯಾರ್ಯಾರು ನೋಡಿದ್ರು ಅಂತ ಫೋನಿನಲ್ಲಿ ಪಟ್ಟಿ ಬರುತ್ತಲ್ಲ, ಅದನ್ನ ನೋಡ್ತೀನಿ. ಏಳೂವರೆಯೊಳಗೆ ಹದಿನೈದು ಹೆಸರೂ ಬಂತು ಅಂದ್ರೆ ಎಲ್ಲರ ಮನೇಲೂ ಬೆಳಗಾಯ್ತು ಅಂತ ಅರ್ಥ. ಯಾರದಾದ್ರೂ ಬರದಿದ್ರೆ ನಾನೇ ಲೈನ್‌ಮನ್."

"ಅಂದ್ರೆ?"

"ಖಾಲಿ ಲೋಟ ಹಿಡಿದು, ಸಕ್ಕರೆ ಕೇಳೋ ನೆಪದಲ್ಲಿ ಹೋಗಿ ಬಾಗಿಲು ತಟ್ತೀನಿ. ಹೋದ ವರ್ಷ ಡ್ರೈವಿಂಗ್ ಮೇಷ್ಟ್ರು ಬಚ್ಚಲಲ್ಲಿ ಬಿದ್ದು ಏಳೋಕಾಗದೆ ಇದ್ದದ್ದು ಹಾಗೇ ಗೊತ್ತಾಗಿದ್ದು. ಅವರು ಈಗಲೂ ನಾನು ಸಕ್ಕರೆಗೇ ಬಂದಿದ್ದೆ ಅಂದ್ಕೊಂಡಿದ್ದಾರೆ ಪಾಪ." ಅಜ್ಜಿ ದನಿ ಇಳಿಸಿದರು. "ನೀನು ಪುಸ್ತಕದಲ್ಲಿ ನನ್ನ ಹೂವಿನ ವಿಷಯ ಕೆದಕಿದ್ರೆ ಇದೆಲ್ಲ ಹೊರಗೆ ಬರುತ್ತೆ. ಮುದುಕಿ ನಮ್ಮನ್ನ ಕಾಯ್ತಾಳೆ ಅಂತ ಗೊತ್ತಾದ್ರೆ ಜನಕ್ಕೆ ಮುಜುಗರ. ಇಲ್ಲಾಂದ್ರೆ ಕನಿಕರ. ಎರಡೂ ನನಗೆ ಬೇಡ."

ಅಜ್ಜಿ ಕಾಯುತ್ತಿದ್ದದ್ದು ಉತ್ತರಕ್ಕಲ್ಲ ಎಂದು ಗುಮಾಸ್ತರಿಗೆ ಈಗ ತಿಳಿಯಿತು. ಹದಿನೆಂಟು ಪುಟದಲ್ಲಿ ಒಂದು ಸಾಲೂ ನಿಜವಿರಲಿಲ್ಲ. ಫಾರಂ ಮಡಚಿ ಎದ್ದರು.

"ಸಹಿ ಇಲ್ಲದಿದ್ರೆ ನಿನಗೇನಾಗುತ್ತೆ?" ಎಂದರು ಅಜ್ಜಿ.

"ಒಂದು ವರ್ಷ ಹೋಗುತ್ತೆ, ಅಷ್ಟೆ."

"ಅಷ್ಟೆ ಅಂತಾನೆ ನೋಡು! ತಾ ಇಲ್ಲಿ." ಅಜ್ಜಿ ಫಾರಂ ಕಿತ್ತುಕೊಂಡು ದುಂಡಗೆ ಸಹಿ ಹಾಕಿದರು. "ನಿನ್ನ ಮಾತಿನ ಮೇಲೆ ನಂಬಿಕೆ ಇಟ್ಟಿದ್ದೀನಿ."

ನಾಲ್ಕೂಮುಕ್ಕಾಲಿಗೆ ಗೈಡ್ ಮೇಡಂ ಕೋಣೆ. ಹದಿನೈದು ಸಹಿ ಎಣಿಸಿ ಆಕೆ ಮಗುವಿನಂತೆ ಚಪ್ಪಾಳೆ ತಟ್ಟಿದರು. "ಸಾರ್, ನೀವು ಗೆದ್ರಿ! ನಿಮ್ಮ ಮೂರನೇ ಅಧ್ಯಾಯ ಓದಿ ನಮ್ಮ ವಿಭಾಗದವರೆಲ್ಲ ಮೂಕರಾಗಿಬಿಟ್ಟಿದ್ದಾರೆ."

"ಮೇಡಂ, ಆ ಅಧ್ಯಾಯ ತೆಗೀಬೇಕು."

"ಯಾಕೆ?"

"ತಪ್ಪಾಗಿದೆ."

"ತಪ್ಪು ಅನ್ನೋಕೆ ಆಧಾರ?"

"ಇದೆ. ಹೇಳೋ ಹಾಗಿಲ್ಲ."

ಮೇಡಂ ಬೇಡಿಕೊಂಡರು, ಸಿಟ್ಟಾದರು, ಮತ್ತೆ ಬೇಡಿಕೊಂಡರು. ಆ ಅಧ್ಯಾಯ ತೆಗೆದರೆ ಉಳಿಯುವುದು ಕೆಟ್ಟ ಲಿಫ್ಟಿನ ಜಗಳ ಮಾತ್ರ, ಅದಕ್ಕೆ ಯಾರೂ ಎಂ.ಎ. ಕೊಡುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಐದಾಯಿತು. ಆಕೆ ಫೈಲಿನ ದಾರ ಕಟ್ಟಿ, "ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಸಾರ್, ಸಂಕಟ ಆಗ್ತಿದೆ," ಎಂದರು. ಗುಮಾಸ್ತರು, "ನನಗೂ ಮೇಡಂ," ಎಂದು ಹೇಳಿ ಹೊರಗೆ ಬಂದರು.

ಆದರೂ ದಾರಿಯುದ್ದಕ್ಕೂ ಎದೆ ಯಾಕೋ ಹಗುರ. ಒಬ್ಬ ಮುದುಕಿಯ ಗುಟ್ಟನ್ನು ಒಂದು ವರ್ಷ ತೆತ್ತು ಉಳಿಸಿದೆ ಎಂದು ತಮ್ಮ ಬಗ್ಗೆ ತಮಗೇ ಒಂದು ಗೌರವ ಹುಟ್ಟಿತ್ತು. ಮನೆಗೆ ಬಂದವರು ಹೆಂಡತಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಪ್ರಬಂಧ ಹೋಯ್ತು ಕಣೇ. ಕಾರಣ ಮಾತ್ರ ಕೇಳಬೇಡ. ಎಕ್ಸ್‌ಚೇಂಜ್ ಅಜ್ಜಿಗೆ ಮಾತು ಕೊಟ್ಟಿದ್ದೀನಿ."

ಹೆಂಡತಿ ಹೊಲಿಗೆ ನಿಲ್ಲಿಸಿದಳು. "ಹೂವಿನ ವಿಷಯವಾ? ಯಾರು ನೋಡಿದ್ರು ಅಂತ ಪಟ್ಟಿ ನೋಡ್ತಾರಲ್ಲ, ಅದಾ?"

ಗುಮಾಸ್ತರ ಬಾಯಿ ತೆರೆದದ್ದು ಹಾಗೇ ಇತ್ತು. ಹುಳುಕು ಹಲ್ಲೂ ಕಾಣುತ್ತಿತ್ತು.

"ಅಯ್ಯೋ, ಅದು ಇಡೀ ಕಟ್ಟಡಕ್ಕೇ ಗೊತ್ತಲ್ರೀ! ಡ್ರೈವಿಂಗ್ ಮೇಷ್ಟ್ರು ಬಚ್ಚಲಲ್ಲಿ ಬಿದ್ದು ಅಲ್ಲಾಡೋಕಾಗದೆ ಇದ್ದಾಗ, ಅಜ್ಜಿ ಹೊರಗಿಂದ 'ಹೂವು ನೋಡಲಿಲ್ವಲ್ಲ ಮೇಷ್ಟ್ರೇ, ಇದೀರಾ?' ಅಂತ ಕೂಗಿದ್ರಂತೆ. ಗಾಬರೀಲಿ ಕೂಗಿದ್ದು ಅಜ್ಜಿಗೇ ಮರೆತುಹೋಗಿದೆ. ಆವತ್ತಿಂದ ಎಲ್ಲರೂ ಏಳಕ್ಕೆ ಸರಿಯಾಗಿ ಹೂವು ತೆರೀತೀವಿ. ಒಬ್ಬರು ಮರೆತ್ರೂ ಪಾಪ, ಆ ಮಂಡಿ ಇಟ್ಕೊಂಡು ನಾಲ್ಕು ಮಹಡಿ ಹತ್ತಿ ಬರ್ತಾರೆ. ಲಿಫ್ಟ್ ಬೇರೆ ಹೀಗೆ."

"ಮತ್ತೆ... ಉತ್ತರ? ಯಾರೂ ಉತ್ತರ ಯಾಕೆ ಕೊಡಲ್ಲ?"

"ನೀವು ಎಣಿಸೋಕೆ ಶುರು ಮಾಡೋ ಮುಂಚೆ ಒಂದ್ಸಲ ಹಲ್ಲಿನ ಡಾಕ್ಟರಮ್ಮ ಉತ್ತರ ಬರೆದ್ರು. ಅದರ ಹಿಂದೆ ಇನ್ನೂ ನಾಲ್ಕು ಜನ. ಅಜ್ಜಿ ಹೂವು ಮೇಲಕ್ಕೆ ಹೋಗಿಬಿಡ್ತು. ಅವರಿಗೆ ಕಣ್ಣು ಮಂಜು, ಹುಡುಕೋಕಾಗದೆ ಲೋಟ ಹಿಡಿದು ಹದಿನೈದು ಮನೆಗೂ ಹೊರಟುಬಿಟ್ರು! ಅದಕ್ಕೇ ಏಳೂವರೆವರೆಗೂ ಯಾರೂ ಏನೂ ಬರೆಯಲ್ಲ. ನಿಮ್ಮ ಫೋನಿನಲ್ಲಿ ದಿನಾ ನಾನೇ ತೆರೀತೀನಿ, ನೀವು ಗೊರಕೆ ಹೊಡೀತಿರ್ತೀರಿ."

"ಇಷ್ಟೆಲ್ಲ ಮಾತಾಡ್ಕೊಂಡಿದ್ದೀರಲ್ಲ, ಗ್ರೂಪಿನಲ್ಲಿ ಒಂದಕ್ಷರ ಇಲ್ಲ!"

"ಗ್ರೂಪಿನಲ್ಲಿ ಬರೆದ್ರೆ ಅಜ್ಜಿ ಓದಲ್ವೇನ್ರೀ? ಮೆಟ್ಟಿಲ ಮೇಲೆ ನಿಂತು ಬಾಯಲ್ಲಿ ಹೇಳ್ಕೊಂಡ್ವಿ. ನಿಮಗೂ ಎಷ್ಟು ಸಲ ಹೇಳೋಕೆ ಬಂದೆ. ಬಾಯಿಮಾತು ಆಧಾರ ಅಲ್ಲ ಅಂದ್ರಿ."

ಗುಮಾಸ್ತರು ಎದ್ದರು, ಕೂತರು, ಮತ್ತೆ ಎದ್ದರು. ಆರು ತಿಂಗಳು ಎಣಿಸಿದ ಮೌನದೊಳಗೆ ಇಷ್ಟೊಂದು ಜನ ಉಸಿರು ಬಿಗಿಹಿಡಿದು ಕೂತಿದ್ದರು! ಇದರ ಮುಂದೆ ಆ ಹದಿನೆಂಟು ಪುಟ ಯಾವ ಲೆಕ್ಕ? ಇದನ್ನು ಬರೆದರೆ ಎಂ.ಎ. ಏನು, ಲೋಕವೇ ಓದೀತು.

"ಎಲ್ಲರಿಗೂ ಗೊತ್ತಿದ್ದ ಮೇಲೆ ಗುಟ್ಟೇನು ಬಂತು? ಈಗಲೇ ಹೋಗಿ ಅಜ್ಜಿಗೆ ಹೇಳಿಬಿಡ್ತೀನಿ. ಅವರ ಮುಜುಗರ ಹೋಗುತ್ತೆ. ಆಮೇಲೆ ಮೇಡಂ ಕಾಲು ಹಿಡಿದಾದ್ರೂ ಒಂದು ವಾರ ಕೇಳ್ತೀನಿ," ಎನ್ನುತ್ತ ಚಪ್ಪಲಿಗೆ ಕಾಲು ತೂರಿಸಿದರು.

"ರೀ," ಎಂದಳು ಹೆಂಡತಿ. "ಹದಿನೈದು ಮನೆಯವರೂ ತನ್ನ ಮಂಡಿ ಕಾಯೋದಕ್ಕೆ ಬೆಳಿಗ್ಗೆ ಏಳ್ತಾರೆ ಅಂತ ಗೊತ್ತಾದ ಮೇಲೆ, ನಾಳೆ ಏಳು ಗಂಟೆಗೆ ಅಜ್ಜಿ ಯಾತಕ್ಕೆ ಏಳಬೇಕು?"

ಗುಮಾಸ್ತರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು ಹೆಂಡತಿಯ ಪಕ್ಕ ಕೂತರು.

"ಅಲಾರಾಂ ಎಷ್ಟಕ್ಕೆ ಇಡಲಿ?"

"ಏಳಕ್ಕೆ ಐದು ನಿಮಿಷ ಇದೆ ಅನ್ನೋವಾಗ," ಎಂದಳು ಅವಳು. "ತೆರೆದು ನೋಡಿ, ಅಷ್ಟೆ. ಏನೂ ಬರೀಬೇಡಿ."