ಹಿಂದಕ್ಕೆ ನಡೆಯುವ ಗೈಡು

ನಮ್ಮ ಮಾಮ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಅವರ ಏಳಿಗೆಯ ಬಗ್ಗೆ ನಾನು ಕೊಂಕು ಮಾತಾಡುತ್ತಿಲ್ಲ. ಅವರು ಕಾಲಿನಿಂದಲೇ ಹಿಂದಕ್ಕೆ ನಡೆಯುತ್ತಾರೆ. ಆನೆಗೊಂದಿಗೆ ಬರುವ ಪ್ರವಾಸಿಗರಿಗೆ ಗುಡ್ಡ, ಗುಡಿ, ಹೊಳೆ ತೋರಿಸುವ ಗೈಡು ಅವರು. ಮಾತು ಕೇಳುವವರಿಗೆ ಬೆನ್ನು ತೋರಿಸಬಾರದು ಎಂಬುದು ಅವರ ವ್ರತ. ಹಾಗಾಗಿ ಜನರ ಕಡೆ ಮುಖ ಮಾಡಿ, ಕೈ ಬೀಸುತ್ತ, ಹಿಂದೇನಿದೆ ಎಂದು ನೋಡದೆ ಹಿಂದಕ್ಕೇ ಹೋಗುತ್ತಾರೆ. ಇಪ್ಪತ್ತು ವರ್ಷ ಹೀಗೆ ನಡೆದು ಈಗ ಅದು ಬಿಡದ ಚಟ. ಗಂಗಾವತಿಯ ಸಂತೆಯಲ್ಲಿ ನಮ್ಮವ್ವನ ಜೊತೆ ಮಾತಾಡುತ್ತ ನಡೆದು ಬದನೆಕಾಯಿ ರಾಶಿಯ ಮೇಲೆ ಕೂತಿದ್ದಾರೆ. ನಮ್ಮಕ್ಕನ ಮದುವೆಯಲ್ಲಿ ಬೀಗರನ್ನು "ಬರ್ರಿ, ಎಡಕ್ಕ ನೋಡ್ರಿ, ಇದು ಊಟದ ಹಾಲ್" ಎಂದು ಕರೆದೊಯ್ಯುವಾಗ ಅಡುಗೆಯವರು ಹಿಡಿಯದಿದ್ದರೆ ನೇರ ಸಾರಿನ ಕೊಪ್ಪರಿಗೆಗೇ ಇಳಿಯುತ್ತಿದ್ದರು!

ಚಿಕ್ಕಂದಿನಲ್ಲಿ ಬೇಸಗೆ ರಜೆಗೆ ನಾನು ಅವರ ಮನೆಗೆ ಹೋದರೆ ನನಗೊಂದು ನೌಕರಿ ಕಾದಿರುತ್ತಿತ್ತು. ಪ್ರವಾಸಿಗರ ನಡುವೆ ನಿಂತು ಮಾಮನ ಹಿಂದೆ ಏನಿದೆ ಎಂದು ನೋಡುತ್ತ ಹೋಗುವುದು. "ಮಾಮಾ, ಕಲ್ಲು." "ಮಾಮಾ, ಆಕಳ." "ಮಾಮಾ, ಮೆಟ್ಟಲ." ಮಾತು ನಿಲ್ಲಿಸದೆ ಅವರು ಕಲ್ಲನ್ನು ಬಳಸಿ, ಆಕಳಿಗೆ ದಾರಿ ಬಿಟ್ಟು, ಮೆಟ್ಟಿಲು ಇಳಿಯುತ್ತಿದ್ದರು. ನಾನು ಡೈರಿ ಬರೆಯಲು ಶುರುಮಾಡಿದ್ದು ಆಗಲೇ, ಆರನೆಯ ತರಗತಿಯಲ್ಲಿ. ಮೊದಲ ಪುಟಗಳಲ್ಲಿ ಎರಡೇ ಸಾಲು: ನಾನು ಹೇಳಿದ್ದು, ಮಾಮ ಬಿದ್ದದ್ದು. ಆ ಬೇಸಗೆಯಲ್ಲಿ ಮಾಮ ಮೂರು ಸಲ ಬಿದ್ದರು. ಮೂರೂ ಸಲ ನಾನು ಐಸ್‌ಕ್ಯಾಂಡಿ ತಿನ್ನುತ್ತಿದ್ದೆ.

ಮುಂದೆ ಡೈರಿಗೆ ಅವರ ಸುಳ್ಳುಗಳೂ ಸೇರಿದವು. ಹೊಳೆದಂಡೆಯ ಒಂದು ಗುಂಡುಕಲ್ಲು ಸಾಲಿ ಹುಡುಗರು ಬಂದರೆ ರಾಕ್ಷಸ ಅರ್ಧ ತಿಂದು ಬಿಟ್ಟ ಉಂಡಿಯಾಗುತ್ತಿತ್ತು. ಹೊಸದಾಗಿ ಮದುವೆಯಾದವರು ಬಂದರೆ ಮುನಿಸಿಕೊಂಡು ಕೂತ ಹೆಂಡತಿ. ಬ್ಯಾಂಕಿನವರು ಬಂದ ದಿನ ಅದು ಬಡ್ಡಿ ಹೆಚ್ಚು ತಗೊಂಡು ಕಲ್ಲಾದ ಸಾಹುಕಾರ! ತಾರೀಖಿನ ಸಮೇತ ಬರೆದಿಟ್ಟು ಒಂದು ದಿನ ಕೇಳಿದೆ, ಇದರಲ್ಲಿ ಖರೇ ಯಾವುದು ಎಂದು. ಮಾಮನಿಗೆ ಸಿಟ್ಟು ಬಂತು. "ಕಲ್ಲಿಗೆ ಬಾಯಿಲ್ಲವಾ. ಅದರ ಪರವಾಗಿ ಯಾರರ ಮಾತಾಡಬೇಕಲ್ಲ" ಎಂದರು.

ಇಂಥವರನ್ನು ಪಿಎಚ್.ಡಿ. ಅರ್ಜಿಯಂಥ ಗಂಭೀರ ವಿಷಯದ ಹತ್ತಿರ ಬಿಡುವುದುಂಟೆ? ನಾನು ಬಿಡಲಿಲ್ಲ. ಒಂದು ಶಬ್ದ ಅವರನ್ನು ಒಳಗೆ ಬಿಟ್ಟಿತು.

ಹೋದ ವರ್ಷ ಜೂನ್ ತಿಂಗಳ ಮಾತು. ನನ್ನ ಇತಿಹಾಸ ಎಂ.ಎ. ಮುಗಿದಿತ್ತು. ನಮ್ಮಪ್ಪ ಕೃಷಿ ಇಲಾಖೆಯಲ್ಲಿ ಗುಮಾಸ್ತರು, ಗಡುವು ಹಾಕದೆ ಯಾವ ಕಾಗದವನ್ನೂ ಮುಟ್ಟದವರು. ನನಗೂ ಗಡುವು ಹಾಕಿದರು. ದೀಪಾವಳಿಯೊಳಗೆ ಪಿಎಚ್.ಡಿ. ಸೀಟು ಸಿಕ್ಕರೆ ಸರಿ, ಇಲ್ಲದಿದ್ದರೆ ಬಿ.ಎಡ್. ಸೇರಬೇಕು. ಬಿ.ಎಡ್. ಕೆಟ್ಟದ್ದೇನಲ್ಲ. ನನಗೆ ಬೇಕಾಗಿರಲಿಲ್ಲ, ಅಷ್ಟೆ.

ಗಡುವು ಹಾಕಿದ ದಿನ ಮಾಮನೂ ನಮ್ಮಲ್ಲಿ ಊಟಕ್ಕೆ ಕೂತಿದ್ದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಮೊದಲು ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ, ಕೊನೆಗೆ ಒಬ್ಬ ಗೈಡು ಒಪ್ಪಬೇಕು. ಗೈಡು ಸಿಗದಿದ್ದರೆ ಹಿಂದಿನದೆಲ್ಲ ನೀರಿನಲ್ಲಿ ಮಾಡಿದ ಹೋಮ.

ಅಪ್ಪ ತಲೆ ಅಲ್ಲಾಡಿಸಿದರು. "ಎಸ್ಸೆಸ್ಸೆಲ್ಸಿಗೂ ಗೈಡ್ ಇಟ್ಕೊಂಡು ಓದಿದಿ, ಪಿಯುಸಿಗೂ ಗೈಡ್. ಇಷ್ಟು ಓದಿದ ಮ್ಯಾಲೂ ಗೈಡ್ ಬೇಕಾ? ಯಾವ ಅಂಗಡ್ಯಾಗ ಸಿಗತೈತಿ ಹೇಳು, ತರ್ತೀನಿ."

ಈ ಗೈಡು ಪುಸ್ತಕವಲ್ಲ, ಮನುಷ್ಯರು ಎಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ಮಾಮ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟರು.

"ಮನಿಷ್ಯಾರ? ಮತ್ತ ನಾ ಯಾಕ ಅದೀನವಾ?"

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆನೆಗೊಂದಿಯಿಂದ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ನಮ್ಮತ್ತೆ ಬಾಳೆನಾರಿನಿಂದ ಹೆಣೆದ ಚೀಲ, ನನ್ನ ಮಾರ್ಕ್ಸ್ ಕಾರ್ಡುಗಳನ್ನು ಇಡಲಿಕ್ಕೆ. ನೇಮಕಾತಿ ಆಗಿಹೋಗಿತ್ತು. ನನ್ನ ಒಪ್ಪಿಗೆ ಯಾರಿಗೂ ಬೇಕಾಗಿರಲಿಲ್ಲ.

ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದೆ. ಅವುಗಳಲ್ಲಿ ಮೊದಲನೆಯದು ಎರಡು ಶಿಫಾರಸು ಪತ್ರ ಕೇಳಿತ್ತು. ಮಾಮ ಆ ಸಾಲನ್ನು ಎರಡು ಸಲ ಓದಿದರು. ಮುಖ ಅರಳಿತು. "ಇಂಥಾ ಖರೇ ಮಂದಿನ್ನ ನಾ ಎಲ್ಲೂ ನೋಡಿಲ್ಲ. ಮಂದಿ ಒಳಗೊಳಗ ವಶೀಲಿ ಕೇಳ್ತಾರ. ಇವರು ಬರದು ಕೇಳ್ಯಾರ. ಎರಡು ಅಂತ ಲೆಕ್ಕಾನೂ ಕೊಟ್ಟಾರ."

ಅದು ವಶೀಲಿಯಲ್ಲ, ಪಾಠ ಹೇಳಿದವರು ನನ್ನ ಓದಿನ ಬಗ್ಗೆ ಬರೆಯುವ ಪತ್ರ ಎಂದು ತಿಳಿಸಿ ಹೇಳಿದೆ. ಹುಡುಗಿಗೆ ಲೋಕಜ್ಞಾನ ಕಡಿಮೆ ಎಂಬಂತೆ ನಕ್ಕರು. ನಾಲ್ಕು ದಿನ ಬಿಟ್ಟು ಮರಳಿ ಎಂಬ ಊರಿನ ರೈಸ್ ಮಿಲ್ ಮಾಲೀಕರೊಬ್ಬರ ಪತ್ರ ತಂದರು. ಮೇಲೆ ಅಕ್ಕಿ ಚೀಲದ ಚಿತ್ರ, ಕೆಳಗೆ ಮೂರು ಸಾಲು: "ಈ ಕೂಸು ನಮ್ಮದು. ಸೀಟು ಕೊಡಬೇಕು. ನಿಮ್ಮ ಕಡೆಯಿಂದ ಏನೇ ಕೆಲಸವಿದ್ದರೂ ತಿಳಿಸಬೇಕು."

ನಾನು ನನ್ನ ಇಬ್ಬರು ಅಧ್ಯಾಪಕರಿಂದ ಪತ್ರ ಪಡೆದು ಕಳಿಸಿದೆ. ಅಕ್ಕಿ ಪತ್ರ ಕಳಿಸಲಿಲ್ಲ ಎಂದು ಮಾಮನಿಗೆ ಹೇಳಲಿಲ್ಲ. ಆ ವಿಶ್ವವಿದ್ಯಾಲಯದಿಂದ ಉತ್ತರವೇ ಬರಲಿಲ್ಲ. ಮಾಮ ಬಹಳ ಯೋಚಿಸಿ, "ಸೋನಾ ಮಸೂರಿ ಮಿಲ್ಲಿನವರ ಕಡಿಂದ ತರಬೇಕಿತ್ತು" ಎಂದರು.

ಇನ್ನು ವಿಷಯ. ಸಂಶೋಧನೆಗೆ ವಿಷಯ ಆರಿಸುವುದೆಂದರೆ ಬಸ್ಸಿನಲ್ಲಿ ಸೀಟು ಹಿಡಿದಂತೆ. ಚೆಂದದ್ದರ ಮೇಲೆಲ್ಲ ಆಗಲೇ ಯಾರೋ ಟವೆಲ್ ಹಾಕಿರುತ್ತಾರೆ. ನಾನು ಮೊದಲು ಇಟಗಿಯ ಮಹಾದೇವ ಗುಡಿ ಎಂದುಕೊಂಡಿದ್ದೆ. ನಮ್ಮ ಕಾಲೇಜಿನ ಸರ್ ಬೇಡವೆಂದರು. ಆ ಗುಡಿಯ ಕಂಬಕ್ಕೊಬ್ಬ ಡಾಕ್ಟರು ಆಗಿದ್ದಾರಂತೆ! ಕೊನೆಗೆ ನನ್ನ ಕಣ್ಣ ಮುಂದೆಯೇ ಇದ್ದ ವಿಷಯ ಹಿಡಿದೆ. ನಮ್ಮ ಗಂಗಾವತಿ ಸುತ್ತ ಊರಿನ ಹೆಸರಿನ ಕೊನೆಗೆ 'ಕ್ಯಾಂಪ್' ಎಂದಿರುವ ಹಳ್ಳಿಗಳು ಬಹಳ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರ ಊರುಗಳು. ಅವರು ಹೇಗೆ ಬಂದರು, ಏನು ತಂದರು, ಬಂದಾಗ ಇಲ್ಲಿಯವರು ಏನೆಂದರು ಎಂಬುದು ನನ್ನ ವಿಷಯ.

ವಿಷಯ ಛಲೋ ಇತ್ತು, ಹೇಳುವವರು ಇರಲಿಲ್ಲ. ಎರಡು ವಾರ ಒಂದು ಕ್ಯಾಂಪಿಗೆ ಸ್ಕೂಟಿಯಲ್ಲಿ ಹೋಗಿ ಬಂದೆ. ಎಲ್ಲರೂ ಚಹಾ ಕೊಟ್ಟರು. ಹೇಳೋಕೆ ಏನೈತಮ್ಮಾ ಎಂದು ಕಳಿಸಿದರು. ಹದಿನೈದು ಚಹಾ, ಅರ್ಧ ಪುಟ ಟಿಪ್ಪಣಿ.

ಮಾಮನನ್ನು ಕರೆದುಕೊಂಡು ಹೋದ ದಿನ ನಾನು ನಾಚಿಕೆಯಿಂದ ನೆಲ ನೋಡಬೇಕಾಯಿತು. ಅವರು ಆ ಊರಿನವರಿಗೇ ಆ ಊರನ್ನು ತೋರಿಸತೊಡಗಿದರು! ಹಿಂದಕ್ಕೆ ನಡೆಯುತ್ತ, ಕೈ ಎತ್ತಿ, ಈ ಕಾಲುವೆಯನ್ನು ಒಬ್ಬ ರಾಜ ಒಂದೇ ರಾತ್ರಿಯಲ್ಲಿ ತೋಡಿಸಿದ ಎಂದು ಘೋಷಿಸಿದರು. ಕಟ್ಟೆಯ ಪಕ್ಕದ ಮಂಚದಲ್ಲಿ ಮಲಗಿದ್ದ ಮುದುಕಿಯೊಬ್ಬಳು ಎದ್ದು ಕೂತಳು.

"ಯಾವ ರಾಜ ಬಾಬೂ? ಬಂಡಿ ಮೇಲೆ ಮದಲಗಿತ್ತಿಯಾಗಿ ನಾನು ಇಲ್ಲಿ ಇಳಿದಾಗ ಕಾಲುವೆ ತೋಡಿದ ಮಣ್ಣು ಇನ್ನೂ ದಿಬ್ಬ ದಿಬ್ಬ ಬಿದ್ದಿತ್ತು. ಅದರ ಮೇಲೇ ನನ್ನ ಕಾಲುಂಗುರ ಬಿದ್ದು ಹೋಯ್ತು."

ಪಕ್ಕದ ಮನೆಯ ಮುದುಕ ಬಂದು, ನೀನು ಬಂದದ್ದು ಬಂಡಿಯಲ್ಲಲ್ಲ, ಲಾರಿಯಲ್ಲಿ ಎಂದ. ಅವನನ್ನು ತಿದ್ದಲು ಮತ್ತಿಬ್ಬರು ಬಂದರು. ಹೊತ್ತು ಇಳಿಯುವಷ್ಟರಲ್ಲಿ ನನ್ನ ಕೈ ಬರೆದು ಬರೆದು ಮರಗಟ್ಟಿತ್ತು. ಹಿಂದಿರುಗುವಾಗ ಮಾಮ ಗಂಭೀರವಾಗಿ ಹೇಳಿದರು: "ಕೇಳಿದ್ರ ಯಾರೂ ಬರಂಗಿಲ್ಲವಾ. ತಪ್ಪು ಹೇಳಿದ್ರ ತಿದ್ದಾಕ ಎಲ್ಲಾರೂ ಬರ್ತಾರ." ಇದು ಮೊದಲೇ ಹೂಡಿದ ಉಪಾಯವೋ ಆಮೇಲೆ ಹೊಳೆದ ಸಮಜಾಯಿಷಿಯೋ, ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಎರಡನೆಯ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಾನು ಬಿದ್ದೆ. ಉಳಿದದ್ದು ಒಂದೇ. ಅಲ್ಲಿ ಪರೀಕ್ಷೆ ಪಾಸಾಗಿ ಸೆಪ್ಟೆಂಬರಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ ಹೋದೆವು. ಹೋದೆವು ಎಂದರೆ, ಮಾಮನೂ ಬಂದರು ಎಂದು ಬೇರೆ ಹೇಳಬೇಕೆ?

ಸಂದರ್ಶನದ ಕೋಣೆಯ ಹೊರಗೆ ಉದ್ದನೆಯ ಪಡಸಾಲೆ. ಬೆಂಚಿನ ಮೇಲೆ ಅಭ್ಯರ್ಥಿಗಳು ಇಂಜೆಕ್ಷನ್ನಿಗೆ ಕೂತವರ ಹಾಗೆ ಕೂತಿದ್ದರು. ನಾನು ನನ್ನ ಸಂಶೋಧನೆಯ ಸಾರಾಂಶದ ಪುಟದಲ್ಲಿ ಮುಖ ಹುದುಗಿಸಿದ್ದೆ. ಮಾಮನಿಗೆ ಆ ಮುಖಗಳನ್ನು ನೋಡಲಾಗಲಿಲ್ಲ. ಗೋಡೆಯ ಮೇಲಿನ ಹಳೆಯ ಪ್ರಾಧ್ಯಾಪಕರ ಫೋಟೋಗಳನ್ನು ಒಂದೊಂದಾಗಿ ಪರಿಚಯಿಸಲು ಶುರುಮಾಡಿದರು. ಒಬ್ಬರ ಮೀಸೆ ಕಂಡರೆ ಪರೀಕ್ಷೆ ಬರೆಯುವವರ ಪೆನ್ನು ತಾನೇ ನಿಲ್ಲುತ್ತಿತ್ತಂತೆ. ಇನ್ನೊಬ್ಬರು ಕನ್ನಡಕ ಹುಡುಕುವುದರಲ್ಲೇ ನಿವೃತ್ತರಾದರಂತೆ. ಬೆಂಚು ನಕ್ಕಿತು. ಅಭ್ಯರ್ಥಿಗಳು ಎದ್ದು ಅವರ ಮುಂದೆ ಗುಂಪಾಗಿ ಹೊರಟರು. ಮಾಮ ಹಿಂದಕ್ಕೆ, ಇನ್ನೂ ಹಿಂದಕ್ಕೆ. ನಾನು ತಲೆ ಎತ್ತಿ "ಮಾಮಾ, ಬಾಗಲಾ" ಎನ್ನುವಷ್ಟರಲ್ಲಿ ಬಾಗಿಲು ತೆರೆದು, ಅವರು ಬೆನ್ನು ಮುಂದಾಗಿ ಸಂದರ್ಶನದ ಕೋಣೆಯೊಳಗೆ ಹೋಗಿಬಿಟ್ಟರು!

ಒಳಗೆ ಮೇಜಿನ ನಡುವೆ ಕೂತಿದ್ದ ಹಿರಿಯ ಪ್ರಾಧ್ಯಾಪಕಿ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ಮುಂದಿನ ಅಭ್ಯರ್ಥಿ ನೀವೇನಾ?"

ಮಾಮ ತಿರುಗಿ ಕೈ ಮುಗಿದರು. "ಅಲ್ರಿ. ನಾ ಗೈಡ್."

"ಯಾವ ವಿಭಾಗ?"

"ಆನೆಗೊಂದಿ ವಿಭಾಗರಿ."

ಆ ದಿನ ಎಲ್ಲರೂ ನಗುನಗುತ್ತ ಒಳಗೆ ಹೋಗಿ ಚೆನ್ನಾಗಿ ಉತ್ತರಿಸಿ ಬಂದರು. ನಮ್ಮ ಮಾಮ ಬಸ್ ಚಾರ್ಜು ಕೊಟ್ಟುಕೊಂಡು ಹೋಗಿ ನನ್ನ ಎದುರಾಳಿಗಳಿಗೆ ಧೈರ್ಯ ತುಂಬಿದ್ದರು! ಪಟ್ಟಿ ಬಂದಾಗ ನನ್ನ ಹೆಸರಿತ್ತು, ಎಲ್ಲರಿಗಿಂತ ಕೆಳಗೆ. ಕೆಳಗಿನವರಿಗೆ ಗೈಡುಗಳು ಉಳಿದಿರುವುದಿಲ್ಲ. ಐದು ಜನ ಪ್ರಾಧ್ಯಾಪಕರನ್ನು ಕಂಡೆ. ಐವರೂ ಒಳ್ಳೆಯ ಮಾತಾಡಿ, ಜಾಗ ಇಲ್ಲವೆಂದರು. ಕೊನೆಗೆ ಉಳಿದವರು ಆ ಹಿರಿಯ ಪ್ರಾಧ್ಯಾಪಕಿ. ಅವರ ಬಳಿ ಒಂದೇ ಜಾಗವಿತ್ತು. ದೀಪಾವಳಿಗೆ ಆರು ದಿನವಿತ್ತು. ಅಪ್ಪ ಬಿ.ಎಡ್. ಅರ್ಜಿ ತಂದು ಟಿವಿಯ ಮೇಲೆ ಇಟ್ಟಿದ್ದರು.

ಆ ಪ್ರಾಧ್ಯಾಪಕಿಯನ್ನು ಕಾಣಲು ಹೋದ ದಿನ ಮಾಮನನ್ನು ಬಾಗಿಲಿನಿಂದ ದೂರ, ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಮೇಡಂ ನನ್ನ ಸಾರಾಂಶ ತಿರುವಿದರು. ಮುದುಕಿಯ ಕಾಲುಂಗುರದ ಪುಟದಲ್ಲಿ ನಿಂತರು. ಆಮೇಲೆ ಕನ್ನಡಕ ತೆಗೆದರು.

"ಚೆನ್ನಾಗಿದೆ. ಆದರೆ ಇದು ಐದು ವರ್ಷದ ಕೆಲಸ. ಉತ್ಸಾಹದಿಂದ ಬಂದು ನಡುವೆ ಬಿಟ್ಟು ಹೋದವರನ್ನ ಬಹಳ ನೋಡಿದೀನಿ. ನೀನು ನಿಲ್ತೀಯಾ ಅಂತ ನನಗೆ ಹೇಗೆ ಗೊತ್ತಾಗಬೇಕು?"

ನಾನು ನಲವತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಬಾಯಿಪಾಠ ಮಾಡಿದ್ದೆ. ಅದರಲ್ಲಿ ಇದು ಇರಲಿಲ್ಲ. ನಿಲ್ಲುತ್ತೇನೆ ಎಂದೆ. ಅದು ನನ್ನ ಕಿವಿಗೇ ಸಪ್ಪೆಯಾಗಿ ಕೇಳಿತು.

ಬಾಗಿಲಲ್ಲಿ ಮಾಮ ನಿಂತಿದ್ದರು. ಕೂರಿಸಿದ ಕಡೆ ಕೂರುವವರೆ ಅವರು? ಆದರೆ ಈ ಸಲ ಮುಖ ಮುಂದೆ ಮಾಡಿಕೊಂಡು ಒಳಗೆ ಬಂದರು.

"ಮೇಡಮ್ಮಾರ, ನಾ ಸುಳ್ಳು ಹೇಳಿ ಹೊಟ್ಟಿ ಹೊರಕೊಳ್ಳಾವ್ರಿ. ಇಕಿ ಆರನೇ ಕ್ಲಾಸಿನ್ಯಾಗ ಇದ್ದಾಗಿಂದ ನನ್ನ ಸುಳ್ಳೆಲ್ಲಾ ತಾರೀಖು ಹಾಕಿ ಬರಕೊಂಡಾಳ. ನಾ ಬೈದೀನಿ, ಬಿಟ್ಟಿಲ್ಲ. ಸಿಟ್ಟಾಗಿ ಮಾತು ಬಿಟ್ಟೀನಿ, ಆದ್ರೂ ಬಿಟ್ಟಿಲ್ಲ. ಇಕಿ ಹಿಡದದ್ದು ಬಿಡಾಕಿ ಅಲ್ರಿ."

ಮೇಡಂ ತುಟಿಯಲ್ಲೇ ನಕ್ಕರು. "ಸುಳ್ಳು ಹೇಳೋರು ಅಂತ ನೀವೇ ಹೇಳ್ತೀರಿ. ಈ ಮಾತು ಹೇಗೆ ನಂಬಲಿ?"

ಮಾಮ ನನ್ನ ಖಾಲಿ ಕೈಗಳನ್ನು ತೋರಿಸಿದರು. "ನೋಡ್ರಿ, ಇದನ್ನ ಇಕಿ ಬರಕೊಳ್ಳಾಕತ್ತಿಲ್ಲ."

ಮೇಡಂ ಜೋರಾಗಿ ನಕ್ಕರು. ನಗುತ್ತಲೇ ಪೆನ್ನು ತೆಗೆದು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದರು. ಸೋಮವಾರ ಬಾ ಎಂದರು.

ಅಲ್ಲಿಂದ ಬಸ್ ನಿಲ್ದಾಣಕ್ಕೆ ನೇರ ರಸ್ತೆ, ಎರಡೂ ಕಡೆ ಬೇವಿನ ಗಿಡಗಳು. ಬೆಳಿಗ್ಗೆ ಬರುವಾಗ ಮಾಮ ಎಂದಿನಂತೆ ನನ್ನೆದುರು, ಮುಖ ನನ್ನ ಕಡೆ. ಈಗ ಸ್ವಲ್ಪ ದೂರ ನಡೆದ ಮೇಲೆ ನೋಡುತ್ತೇನೆ, ಎದುರಿಗೆ ಯಾರೂ ಇಲ್ಲ. ತಿರುಗಿದೆ. ಮಾಮ ಹಿಂದೆ ಉಳಿದಿದ್ದರು. ಎಲ್ಲರ ಹಾಗೆ ಮುಂದಕ್ಕೆ ನಡೆದು ಬರುತ್ತಿದ್ದರು, ಬಾಳೆನಾರಿನ ಚೀಲ ಎದೆಗೆ ಒತ್ತಿಕೊಂಡು. ಮುಂದಕ್ಕೆ ನಡೆದರೆ ಅವರು ಇಷ್ಟು ವಯಸ್ಸಾದವರಂತೆ ಕಾಣುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

"ಯಾಕ ಮಾಮಾ, ಹಿಂದ ಉಳದ್ರಿ?"

"ನಿನಗ ಗೈಡ್ ಸಿಕ್ಕಾರಲ್ಲವಾ," ಎಂದರು. "ಒಬ್ಬಾಕಿಗೆ ಇಬ್ಬರು ಯಾಕ?"

ತಮಾಷೆಯ ಧಾಟಿಯಲ್ಲೇ ಹೇಳಿದರು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಅವರ ಕಡೆ ಮುಖ ಮಾಡಿಯೇ ಹಿಂದಕ್ಕೊಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ಬಲಗೈ ಎತ್ತಿದೆ.

"ಬಲಕ್ಕ ನೋಡ್ರಿ. ಈ ಬೇವಿನ ಗಿಡ ಒಬ್ಬ ರಾಜ ಒಂದೇ ರಾತ್ರ್ಯಾಗ ಬೆಳಸ್ಯಾನ."

ಮಾಮ ನಿಂತರು. ಗಿಡ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಲಗುಬಗೆಯಿಂದ ನಾಲ್ಕು ಹೆಜ್ಜೆ ಹಾಕಿ ಹತ್ತಿರ ಬಂದು, ನನ್ನ ಹೆಗಲಾಚೆ ಕಣ್ಣು ಹಾಯಿಸಿದರು.

"ಸಾವಕಾಶ ಅವ್ವಾ," ಎಂದರು. "ಹಿಂದ ಕಲ್ಲೈತಿ."