ಮಗಳಿಗೆ ಒಂಬತ್ತು ಅಂಕ

ಹಣಕ್ಕೆ ಜಗ್ಗದವರನ್ನು ನಾನು ಕಂಡಿದ್ದೇನೆ, ಹೆದರಿಕೆಗೆ ಬಗ್ಗದವರನ್ನೂ ಕಂಡಿದ್ದೇನೆ. ಆದರೆ "ನೀವು ಬಹಳ ನ್ಯಾಯವಂತರು" ಎಂಬ ಮಾತಿಗೆ ಕರಗದವರನ್ನು ಇನ್ನೂ ಕಂಡಿಲ್ಲ. ನಾನಂತೂ ಕರಗಿಹೋಗುತ್ತೇನೆ. ಸಿರಾದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ, ಬಾಯಿಬಿಟ್ಟು ಏನನ್ನೂ ಹೇಳದ ದನ, ಕುರಿಗಳ ನಡುವೆ ಇಪ್ಪತ್ತು ವರ್ಷ ಕಳೆದಿರುವ ನನಗೂ ಭಾಷಣ ಕಲೆಗೂ ಇರುವ ನಂಟು ಎಷ್ಟೆಂದು ನೀವೇ ಊಹಿಸಬಹುದು. ಆದರೂ ಹೋದ ತಿಂಗಳು ಮಗಳ ಶಾಲೆಯ ಪೋಷಕರ ದಿನದಂದು ಗೇಟಿನಲ್ಲೇ ಹೆಡ್‌ಮಿಸ್ ನನ್ನನ್ನು ಹಿಡಿದರು.

"ತುಮಕೂರಿಂದ ಬರಬೇಕಾದ ಜಡ್ಜು ಕೈ ಕೊಟ್ಬುಟ್ರು ಸಾರ್. ಭಾಷಣ ಸ್ಪರ್ಧೆಗೆ ನೀವೇ ಕೂತ್ಕಬೇಕು."

"ಮೇಡಂ, ಸ್ಪರ್ಧೆಯಲ್ಲಿ ನನ್ನ ಮಗಳೇ ಇದಾಳೆ."

"ಇದ್ರೇನಂತೆ? ನಿಮ್ಮಂಥ ನ್ಯಾಯವಂತರು ಈ ಊರಲ್ಲಿ ಇನ್ನೆಲ್ಲಿ ಸಿಗ್ತಾರೆ?"

ಮುಗಿಯಿತು. ಮರುನಿಮಿಷ ನಾನು ವೇದಿಕೆಯ ಪಕ್ಕದ ಮೇಜಿನ ಮುಂದಿದ್ದೆ. ಎಡಕ್ಕೆ ನಿವೃತ್ತ ಕನ್ನಡ ಮೇಷ್ಟ್ರು, ಬಲಕ್ಕೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗಫಾರ್ ಸಾಹೇಬರು. ಅವರ ಮೊಮ್ಮಗ ಒಂದನೇ ಕ್ಲಾಸು, ಸ್ಪರ್ಧೆಗೆ ಇಳಿಯುವ ವಯಸ್ಸಲ್ಲ. ಹಾಗಾಗಿ ಅವರ ಮುಖದಲ್ಲಿ ನೆಮ್ಮದಿ ಇತ್ತು.

ವಿಷಯ, 'ನಾನು ಮೆಚ್ಚಿದ ವ್ಯಕ್ತಿ'. ಏಳನೇ ತರಗತಿಯ ನನ್ನ ಸಿಂಧುವಿಗೆ ಒಬ್ಬ ವಿಜ್ಞಾನಿಯ ಬಗ್ಗೆ ನಾನೇ ಎರಡು ಪುಟ ಬರೆದುಕೊಟ್ಟು, ವಾರವಿಡೀ ಬಾಯಿಪಾಠ ಮಾಡಿಸಿದ್ದೆ. ಎಲ್ಲ ಅಪ್ಪಂದಿರೂ ಒಂದೇ ಮೊಬೈಲಿನಲ್ಲಿ ಹುಡುಕಿದ್ದರೋ ಏನೋ, ಮೊದಲ ಆರು ಮಕ್ಕಳಲ್ಲಿ ನಾಲ್ವರು ಅದೇ ವಿಜ್ಞಾನಿಯನ್ನು ಮೆಚ್ಚಿದರು. ಒಂದು ಸಾಲು ಮರೆತ ಹುಡುಗನಿಗೆ ಕೆಳಗೆ ಕುಳಿತಿದ್ದ ಇನ್ನೊಬ್ಬ ಹುಡುಗ ಮುಂದಿನ ಸಾಲನ್ನು ಎತ್ತಿಕೊಟ್ಟ.

ಸಿಂಧುವಿನ ಸರದಿ ಬಂತು. ಮೈಕು ಹಿಡಿದು ಒಂದು ಕ್ಷಣ ನನ್ನತ್ತ ನೋಡಿದಳು. "ನಾನು ಮೆಚ್ಚಿದ ವ್ಯಕ್ತಿ ದೂರದವರಲ್ಲ, ನಮ್ಮ ಮನೆಯಲ್ಲೇ ಇದಾರೆ" ಅಂದಳು. ನಾನು ಬರೆದುಕೊಟ್ಟಿದ್ದು ಇದಲ್ಲ. ಮರುಕ್ಷಣವೇ ನಾನು ಅಂಗಿಯ ಕಾಲರು ಸರಿಪಡಿಸಿಕೊಂಡೆ.

"ನಮ್ಮಮ್ಮ" ಅಂದಳು ಸಿಂಧು. "ನಮ್ಮಮ್ಮ ಪಟ್ಟನಾಯಕನಹಳ್ಳಿಯಲ್ಲಿ ಅಂಗನವಾಡಿ ಟೀಚರು. ಬಸ್ಸು ತಪ್ಪಿದ್ರೆ ಮಕ್ಕಳು ಬಾಗಿಲಲ್ಲೇ ನಿಂತಿರ್ತಾರೆ ಅಂತ ನಲವತ್ತನೇ ವಯಸ್ಸಲ್ಲಿ ಸ್ಕೂಟಿ ಕಲಿತರು. ಕಲಿಸಿಕೊಡಿ ಅಂದ್ರೆ ನಮ್ಮಪ್ಪ, 'ನಿನ್ ಕೈಲಾಗಲ್ಲ, ಸುಮ್ನಿರು' ಅಂದ್ರು. ಅಮ್ಮ ಒಬ್ಬರೇ ಬಿದ್ದು ಬಿದ್ದು ಕಲಿತರು. ಮೂರನೇ ಸಲ ಬಿದ್ದಾಗ ಮೊಣಕಾಲಿಗೆ ಅರಿಶಿನ ಹಚ್ಚಿದ್ದು ನಾನು."

ಸಭೆ ನನ್ನತ್ತ ತಿರುಗಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅಂಕಪಟ್ಟಿಯಲ್ಲಿ ಇಪ್ಪತ್ತಕ್ಕೆ ಒಂಬತ್ತು ಎಂದು ಬರೆದೆ.

ಗಫಾರ್ ಸಾಹೇಬರು ಬಗ್ಗಿ ನೋಡಿದರು. "ಏನ್ ಸಾರ್ ಇದು? ಹುಡ್ಗಿ ದಿಲ್ ಇಟ್ಟು ಮಾತಾಡೈತೆ. ನಂದು ಹದಿನೆಂಟು, ನಿಮ್ದು ಒಂಬತ್ತಾ?"

"ಸ್ವಂತ ಮಗಳಲ್ವಾ ಸಾಹೇಬ್ರೇ, ಬಿಗಿಯಾಗಿರಬೇಕು" ಅಂದೆ.

ಮೊದಲ ಬಹುಮಾನ ವಿಜ್ಞಾನಿಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ ಹುಡುಗನಿಗೆ ಹೋಯಿತು. ಸಿಂಧುವಿಗೆ ತಪ್ಪಿದ್ದು ಒಂದೇ ಅಂಕದಿಂದ. ಹೆಡ್‌ಮಿಸ್ ಅಷ್ಟಕ್ಕೆ ಬಿಡಲಿಲ್ಲ. ಹೆತ್ತ ಮಗಳಿಗೇ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟ ಮಹನೀಯರು ಎಂದು ನನ್ನನ್ನು ಎದ್ದು ನಿಲ್ಲಿಸಿದರು. ಜೋರು ಚಪ್ಪಾಳೆ. ಮಗಳೂ ತಟ್ಟಿದಳು. ಕೈಮುಗಿದು ನಿಂತಿದ್ದಾಗ, ಆ ಚಪ್ಪಾಳೆಯನ್ನು ಯಾರಿಂದಲೋ ಕಿತ್ತುಕೊಂಡ ಹಾಗೆ ಅನ್ನಿಸಿತು. ಆದರೂ ಬೇಗ ಕೂತುಕೊಳ್ಳಲಿಲ್ಲ.

ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ನನ್ನ ಹೆಂಡತಿ ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡಳು. "ನ್ಯಾಯ ಅಲ್ಲ ಕಣಮ್ಮ ಅದು" ಅಂದಳು ಮಗಳಿಗೆ, "ನಿಮ್ಮಪ್ಪನ್ನ ಬುಟ್ಟು ನನ್ನ ಮೆಚ್ಕಂಡೆ ಅಂತ ಹೊಟ್ಟೆಯುರಿ."

ನಾನು ಜೋರಾಗಿ ನಕ್ಕೆ. ಸಿಂಧು ನಗಲಿಲ್ಲ. "ನಾನು ಬೇರೆಯೋರ ಮಗಳಾಗಿದ್ರೆ ಎಷ್ಟು ಕೊಡ್ತಿದ್ರಪ್ಪ?"

"ಹದಿನೆಂಟು" ಎಂಬ ಮಾತು ಬಾಯಿಂದ ಜಾರಿತು. ಅವಳು ತಲೆಯಾಡಿಸಿ ಹೋಂವರ್ಕಿಗೆ ಕುಳಿತಳು. ಅತ್ತಿದ್ದರೆ ಸಮಾಧಾನ ಮಾಡುವುದಾದರೂ ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆಯೇ ಶಾಲೆಗೆ ಹೋಗಿ ಒಪ್ಪಿಕೊಂಡೆ. "ಮೇಡಂ, ನಾನು ಕೊಟ್ಟಿದ್ದು ತಪ್ಪು ಅಂಕ. ಸಿಟ್ಟಿನಲ್ಲಿ ಕೊಟ್ಟೆ. ಆ ಹುಡುಗನ ಬಹುಮಾನ ಅವನಿಗೇ ಇರಲಿ, ಸಿಂಧುವಿಗೂ ಒಂದು ಕೊಡಿ." ಹೆಡ್‌ಮಿಸ್ ಕಣ್ಣು ತುಂಬಿಕೊಂಡರು. "ತೀರ್ಪು ಆದ್ಮೇಲೆ ಬದಲಾಯ್ಸೋಕೆ ಆಗಲ್ಲ ಸಾರ್. ಆದ್ರೆ ಇಂಥಾ ದೊಡ್ಡ ಗುಣ ಎಲ್ಲೂ ನೋಡಿಲ್ಲ" ಎಂದವರೇ ಪ್ರಾರ್ಥನೆಯ ಹೊತ್ತಿಗೆ ಇದನ್ನೂ ಮೈಕಿನಲ್ಲಿ ಹೇಳಿಬಿಟ್ಟರು. ಮತ್ತೆ ಚಪ್ಪಾಳೆ.

ಬರುವ ವರ್ಷದ ಭಾಷಣ ಸ್ಪರ್ಧೆಗೂ ನಾನೇ ತೀರ್ಪುಗಾರನಂತೆ, ಈಗಲೇ ಗೊತ್ತುಮಾಡಿದ್ದಾರೆ. ಸಿಂಧು ಚಿತ್ರಕಲೆಗೆ ಹೆಸರು ಕೊಟ್ಟಿದ್ದಾಳೆ, ಅದಕ್ಕೆ ತೀರ್ಪುಗಾರರು ಯಾರೆಂದು ಮೊದಲು ವಿಚಾರಿಸಿಕೊಂಡು.